ಅಪ್‌ಡೇಟ್: ಅಜ್ಜನ ಕಾಗದಪತ್ರಗಳ ಕಡತಗಳಿಗೆ ಹೊಸ ಹೆಸರು ಬಂತು

ಅಜ್ಜನ ಕಾಗದಪತ್ರಗಳ 2,300 ಸ್ಕ್ಯಾನ್ ಕಡತಗಳಿಗೆ ಆಜ್ಞೆಗಳನ್ನು ಸಾಲಾಗಿ ಬರೆದಿಟ್ಟ ಬ್ಯಾಶ್ ಸ್ಕ್ರಿಪ್ಟ್‌ನಿಂದ ಒಂದೇ ಸಲಕ್ಕೆ ಹೆಸರು ಬದಲಿಸಲು ಹೋದರೆ ‘ಅಂಥ ಕಡತವಿಲ್ಲ’ ಎಂಬ ದೋಷ ಬರುತ್ತಿದೆ ಎಂದು ಕೇಳಿದ್ದೆ. ನಿನ್ನೆ ರಾತ್ರಿ ಕೆಲಸ ಮುಗಿಯಿತು.

ಹೆಸರಿನೊಳಗಿನ ಖಾಲಿ ಜಾಗವೇ ತೊಂದರೆ ಎಂದು ನೀವು ಹೇಳಿದ್ದೇ ಸರಿ. ‘ಎಲ್‌ಎಸ್’ ಎಂಬ ಆಜ್ಞೆ ಕೊಟ್ಟ ಕಡತಗಳ ಪಟ್ಟಿಯನ್ನು, ಒಂದೊಂದಕ್ಕೂ ಅದೇ ಕೆಲಸ ಮಾಡಿಸುವ ‘ಫಾರ್’ ಲೂಪ್‌ಗೆ ಸುರಿದಿದ್ದೆ. ಹೆಸರಿನಲ್ಲಿ ಖಾಲಿ ಜಾಗ ಇದ್ದಲ್ಲೆಲ್ಲ ಶೆಲ್ (ಆಜ್ಞೆಗಳನ್ನು ಓದಿ ನಡೆಸುವ ತಂತ್ರಾಂಶ) ಅದನ್ನು ತುಂಡರಿಸಿ, ‘ಜಮೀನು ಪತ್ರ 7’ ಎಂಬುದನ್ನು ಮೂರು ಕಡತ ಎಂದುಕೊಳ್ಳುತ್ತಿತ್ತು. ನೇರವಾಗಿ ಎಲ್ಲ ಹೆಸರಿಗೂ ಹೊಂದುವ ನಕ್ಷತ್ರ ಚಿಹ್ನೆ (*) ಬಳಸಿ, ಕಡತದ ಹೆಸರು ಹಿಡಿದಿಡುವ ವೇರಿಯೇಬಲ್ ಅನ್ನು ಜೋಡಿ ಉದ್ಧರಣ ಚಿಹ್ನೆಯೊಳಗೆ ಇಟ್ಟ ಮೇಲೆ ಸರಿಹೋಯಿತು.

ಆದರೂ ನಲವತ್ತು ಕಡತಗಳು ‘ಹೆಸರು ತೀರಾ ಉದ್ದ’ ಎಂದು ಹಟ ಹಿಡಿದವು. ಎಣಿಸಿದರೆ ನೂರು ಅಕ್ಷರವೂ ಇಲ್ಲ! ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಕಡತದ ಹೆಸರಿನ ಮಿತಿ 255 ಬೈಟ್. ಅಕ್ಷರಗಳನ್ನು ಬೈಟ್‌ಗಳಾಗಿ ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು. ಕ, ವಿರಾಮ ಚಿಹ್ನೆ (್), ಷ ಎಂಬ ಮೂರು ಸಂಕೇತ ಸೇರಿದ ‘ಕ್ಷ’ ಒಂದೇ 9 ಬೈಟ್ ನುಂಗುತ್ತದೆ. ಕನ್ನಡದಲ್ಲೇ ಹೆಸರಿಡುವವರು ಇದನ್ನು ದಯವಿಟ್ಟು ನೆನಪಿಡಿ. ಆ ನಲವತ್ತನ್ನು ಮೊಟಕುಗೊಳಿಸಿದೆ.

ಹೆಸರು ಬದಲಿಸುವ ‘ಎಂವಿ’ ಆಜ್ಞೆಯ ಮುಂದೆ, ಅದನ್ನು ನಡೆಸದೆ ತೆರೆಯ ಮೇಲೆ ತೋರಿಸುವ ‘ಎಕೋ’ ಹಾಕಿ ಮೊದಲು ಓದಿ ನೋಡಿ ಎಂದವರಿಗೆ ಮನಸಾರೆ ಕೃತಜ್ಞತೆ. ಒಂದೇ ಹೆಸರು ಪಡೆದು ಒಂದು ಇನ್ನೊಂದನ್ನು ಅಳಿಸಿಹಾಕಲಿದ್ದ ಎರಡು ಪುಟಗಳು ಅಲ್ಲೇ ಕಣ್ಣಿಗೆ ಬಿದ್ದವು. ಅವುಗಳಲ್ಲಿ ಒಂದು, ಅಜ್ಜಿಗೆ ಅಜ್ಜ ಬರೆದ ಪತ್ರ.