ಕಸ್ಟಮ್ ಎಲಿಮೆಂಟ್ ಟೇಬಲ್: ತಲೆಸಾಲಿಗೂ ಕೆಳಗಿನ ಸಾಲುಗಳಿಗೂ ಅಗಲ ಹೊಂದುತ್ತಿಲ್ಲ

ಪ್ರಶ್ನೆ
ನಮ್ಮ ತಂಡದ ವೆಬ್ ಕಾಂಪೊನೆಂಟ್ ಲೈಬ್ರರಿಯಲ್ಲಿ ಟೇಬಲ್ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಟೇಬಲ್, ಸಾಲು, ಸೆಲ್ ಮೂರೂ ಬೇರೆ ಬೇರೆ ಕಸ್ಟಮ್ ಎಲಿಮೆಂಟ್‌ಗಳು, ಅಂದರೆ ನಾವೇ ಹೆಸರಿಟ್ಟು ಮಾಡಿಕೊಂಡ ಎಚ್‌ಟಿಎಂಎಲ್ ಟ್ಯಾಗ್‌ಗಳು. ಪ್ರತಿಯೊಂದಕ್ಕೂ ತನ್ನದೇ ಶ್ಯಾಡೋ ಡಾಮ್ (ಹೊರಗಿನ ಪುಟದಿಂದ ಬೇರೆಯಾಗಿರುವ ಒಳರಚನೆ). ಒಟ್ಟು ಆರು ಕಾಲಂಗಳು. ತಲೆಸಾಲಿನ ‘ವಿಳಾಸ’ ಒಂದು ಕಡೆ ನಿಂತರೆ ಅದರ ಕೆಳಗೆ ಬರಬೇಕಾದ ವಿಳಾಸಗಳು ಇನ್ನೊಂದು ಕಡೆ. ಯಾವ ಎರಡು ಸಾಲುಗಳೂ ಒಂದಕ್ಕೊಂದು ಹೊಂದುವುದಿಲ್ಲ. ಟೇಬಲ್‌ಗೆ ಟೇಬಲ್-ಲೇಔಟ್ ಫಿಕ್ಸೆಡ್ (ಒಳಗಿನ ಬರಹ ನೋಡದೆ ಕಾಲಂ ಅಗಲ ನಿಗದಿ ಮಾಡುವ ಸಿಎಸ್‌ಎಸ್ ಸೂಚನೆ) ಕೊಟ್ಟೆ, ಸೆಲ್‌ಗಳಿಗೆ ಶೇಕಡಾವಾರು ಅಗಲ ಕೊಟ್ಟೆ; ಏನೂ ಬದಲಾಗಲಿಲ್ಲ. ಸೆಲ್‌ನ ಡಿಸ್‌ಪ್ಲೇ (ಪರದೆಯ ಮೇಲೆ ಹೇಗೆ ಕೂರಬೇಕೆಂಬ ಸೂಚನೆ) ಟೇಬಲ್-ಸೆಲ್, ಸಾಲಿನದು ಬ್ಲಾಕ್ ಎಂದಿಟ್ಟಿದ್ದೇನೆ, ಅದಿಲ್ಲದಿದ್ದರೆ ಚಿಕ್ಕ ಸಾಲುಗಳು ಅಕ್ಕಪಕ್ಕದಲ್ಲಿ ಬಂದು ಕೂರುತ್ತವೆ. ಜಾವಾಸ್ಕ್ರಿಪ್ಟ್‌ನಲ್ಲಿ ಅಗಲ ಅಳೆದು ಹಚ್ಚುವ ದಾರಿ ನನಗೆ ಬೇಡ. ಎರಡು ದಿನಗಳಿಂದ ಇದರಲ್ಲೇ ಸಿಕ್ಕಿಕೊಂಡಿದ್ದೇನೆ.

ಉತ್ತರ 1
ತೊಂದರೆ ಇರುವುದು ಆ ಬ್ಲಾಕ್‌ನಲ್ಲೇ. ಟೇಬಲ್-ಸೆಲ್‌ಗಳು ಬ್ಲಾಕ್‌ನೊಳಗೆ ಬಿದ್ದಾಗ ಬ್ರೌಸರ್ ಅವುಗಳ ಸುತ್ತ ಹೆಸರಿಲ್ಲದ ಒಂದು ಟೇಬಲ್ ಕಟ್ಟುತ್ತದೆ. ಅಂದರೆ ನಿಮ್ಮಲ್ಲಿ ಸಾಲಿಗೊಂದು ಟೇಬಲ್ ಇದೆ, ಪ್ರತಿಯೊಂದೂ ತನ್ನ ಅಗಲವನ್ನು ತಾನೇ ಲೆಕ್ಕ ಹಾಕುತ್ತಿದೆ. ಫಿಕ್ಸೆಡ್ ಎಂಬ ಮೌಲ್ಯ ಮೇಲಿನಿಂದ ಅವಕ್ಕೆ ಇಳಿದು ಬರುವುದೂ ಇಲ್ಲ. ಸಾಲಿನ ಹೋಸ್ಟ್‌ಗೆ, ಅಂದರೆ ಶ್ಯಾಡೋ ಡಾಮ್ ಹೊತ್ತಿರುವ ಎಲಿಮೆಂಟ್‌ಗೆ, ಬ್ಲಾಕ್ ಬದಲು ಟೇಬಲ್-ರೋ ಕೊಡಿ. ಸ್ಲಾಟ್ (ಶ್ಯಾಡೋ ಡಾಮ್‌ನೊಳಗೆ ಸೆಲ್‌ಗಳು ಬಂದು ಕೂರುವ ಜಾಗ) ತನ್ನದೇ ಪೆಟ್ಟಿಗೆ ಹುಟ್ಟಿಸುವುದಿಲ್ಲ, ಅದು ಅಡ್ಡಿಯಲ್ಲ. ಆದರೆ ಸ್ಲಾಟ್ ಸುತ್ತ ಡಿವ್ ಟ್ಯಾಗ್‌ನ ಹೊದಿಕೆ ಇದ್ದರೆ ತೆಗೆದುಬಿಡಿ. ಟೇಬಲ್‌ಗೆ 100% ಅಗಲವೂ ಬೇಕು: ಅಗಲ ಆಟೋ ಆಗಿದ್ದರೆ ಫಿಕ್ಸೆಡ್ ನಡೆಯುವುದಿಲ್ಲ. ಕಾಲಂ ಅಗಲ ತೀರ್ಮಾನವಾಗುವುದು ಮೊದಲ ಸಾಲಿನಿಂದ, ಹಾಗಾಗಿ ಶೇಕಡಾವಾರು ಲೆಕ್ಕ ತಲೆಸಾಲಿನಲ್ಲಿದ್ದರೆ ಸಾಕು.

ಪ್ರಶ್ನೆ ಕೇಳಿದವರು
ನೀವು ಹೇಳಿದಂತೆ ಮಾಡಿದರೂ ಮೊದಲು ಏನೂ ಆಗಲಿಲ್ಲ. ಹುಡುಕಿದರೆ, ಪುಟದ ಸಿಎಸ್‌ಎಸ್‌ನಲ್ಲಿ ಅದೇ ಎಲಿಮೆಂಟ್‌ಗೆ ಹಿಂದೆ ಬರೆದಿದ್ದ ಬ್ಲಾಕ್ ಉಳಿದುಕೊಂಡಿತ್ತು. ಹೊರಗಿನ ನಿಯಮ ಒಳಗಿನ ಹೋಸ್ಟ್ ನಿಯಮವನ್ನು ಮೀರುತ್ತದೆ ಎಂಬುದು ಈಗ ಗೊತ್ತಾಯಿತು. ಅದನ್ನು ಅಳಿಸಿದೊಡನೆ ಆರೂ ಕಾಲಂಗಳು ನೇರವಾಗಿ ನಿಂತವು. ನೋಡಿ ಬಹಳ ಸಂತೋಷವಾಯಿತು. ಒಂದು ಮಾತ್ರ ಉಳಿದಿದೆ: ನಡುವೆ ಜಾಗವಿಲ್ಲದ ಉದ್ದನೆಯ ಇಮೇಲ್ ವಿಳಾಸ ಪಕ್ಕದ ಸೆಲ್ ಮೇಲೆ ಹರಿಯುತ್ತಿದೆ.

ಉತ್ತರ 2
ಸೆಲ್‌ಗೆ ಓವರ್‌ಫ್ಲೋ-ರ್‍ಯಾಪ್ ಎನಿವೇರ್ ಕೊಡಿ, ವಿಳಾಸ ಮುರಿದು ಮುಂದಿನ ಸಾಲಿಗೆ ಇಳಿಯುತ್ತದೆ. ಮೂರು ಚುಕ್ಕಿ ಹಾಕಿ ಕತ್ತರಿಸಬೇಡಿ. ವಿಳಾಸವನ್ನು ಜನ ಪೂರ್ತಿ ಓದಬೇಕು.

ಕೇಳದ ಒಂದು ಮಾತನ್ನೂ ಹೇಳಿಬಿಡುತ್ತೇನೆ. ಕಸ್ಟಮ್ ಎಲಿಮೆಂಟ್‌ಗೆ ಟೇಬಲ್ ರೂಪ ಕೊಟ್ಟ ಮಾತ್ರಕ್ಕೆ ಸ್ಕ್ರೀನ್ ರೀಡರ್ (ಪರದೆಯಲ್ಲಿರುವುದನ್ನು ದನಿಯಲ್ಲಿ ಓದಿ ಹೇಳುವ ತಂತ್ರಾಂಶ) ಅದನ್ನು ಟೇಬಲ್ ಎಂದು ಓದುತ್ತದೆ ಎಂದು ನಂಬಿ ಕೂರುವಂತಿಲ್ಲ. ಟೇಬಲ್, ರೋ, ಕಾಲಂಹೆಡರ್, ಸೆಲ್ ಎಂಬ ರೋಲ್‌ಗಳನ್ನು (ಯಾವ ಎಲಿಮೆಂಟ್ ಏನೆಂದು ಅದಕ್ಕೆ ತಿಳಿಸುವ ಗುರುತುಗಳನ್ನು) ನೀವೇ ಬರೆಯಬೇಕು. ಕಣ್ಣಿಗೆ ಕಾಲಂ ಸರಿಯಾಯಿತು, ಕಿವಿಯಿಂದ ಓದುವವರಿಗೂ ‘ವಿಳಾಸ’ದ ಕೆಳಗೆ ವಿಳಾಸವೇ ಸಿಗಲಿ.