ಹೆಡ್‌ಫೋನ್‌ನಲ್ಲಿ ಸೌಂಡೇ ಕಮ್ಮಿ, ಏನ್ ಮಾಡೋದು?

ಪ್ರಶ್ನೆ: ಪಿಸಿಯಿಂದ ಡ್ಯಾಕ್ (ಡಿಜಿಟಲ್ ಆಡಿಯೋನ ಅನಲಾಗ್ ಸಿಗ್ನಲ್ ಮಾಡೋದು), ಅದ್ರಿಂದ ಸಣ್ಣ ಆಂಪ್ (ಸಿಗ್ನಲ್ ಜೋರು ಮಾಡೋ ಆಂಪ್ಲಿಫೈಯರ್), ಅದಕ್ಕೆ 300 ಓಮ್ ಹೆಡ್‌ಫೋನ್. ನಾಬ್ ಪೂರ್ತಿ ತಿರುಗಿಸಿದ್ರೂ ಮೆಲ್ಲಗೇ ಬರ್ತಿದೆ, ಅದೇ ಇಯರ್‌ಫೋನ್ ಹಾಕಿದ್ರೆ ಜೋರಾಗೇ ಇದೆ, ಆಂಪ್ ಹೋಯ್ತಾ ಅಂತ ಭಯ ಆಗ್ತಿದೆ.

ಉತ್ತರ: ಇಯರ್‌ಫೋನ್ ಜೋರಾಗಿದೆ ಅಂದ್ರೆ ಆಂಪ್ ಹೋಗಿರೋ ಚಾನ್ಸ್ ಕಮ್ಮಿ. ಓಮ್ ಅಂದ್ರೆ ಕರೆಂಟ್‌ಗೆ ಇರೋ ತಡೆ; 1 ವೋಲ್ಟ್ ಕೊಟ್ರೆ 32 ಓಮ್ ಇಯರ್‌ಫೋನ್‌ಗೆ ಸುಮಾರು 31 ಮಿಲಿವ್ಯಾಟ್ ಹೋಗುತ್ತೆ, 300 ಓಮ್‌ಗೆ ಬರೀ 3.3, ಅದಕ್ಕೇ ಇಷ್ಟು ವ್ಯತ್ಯಾಸ. ಆಂಪ್‌ನಲ್ಲಿ ಗೇನ್ ಸ್ವಿಚ್ (ಸಿಗ್ನಲ್ ಎಷ್ಟು ಪಟ್ಟು ಹೆಚ್ಚಿಸ್ಬೇಕು ಅನ್ನೋದು) ಇದ್ರೆ ಮೊದ್ಲು ನಾಬ್ ಪೂರ್ತಿ ಇಳಿಸಿ ಆಮೇಲೆ ಹೈಗೆ ಹಾಕಿ, ಕಿವಿ ಜೋಪಾನ.

ಇನ್ನೊಂದು ಉತ್ತರ: ವಿಂಡೋಸ್‌ನಲ್ಲಿ ಡ್ಯಾಕ್ ವಾಲ್ಯೂಮ್ 100 ಇದ್ಯಾ ನೋಡಿ, ಪ್ಲೇಯರ್‌ದು ಬೇರೆನೇ ಇರುತ್ತೆ. ಈಕ್ವಲೈಸರ್‌ನಲ್ಲಿ ಪ್ರೀಆಂಪ್ (ಒಟ್ಟು ಸೌಂಡ್ ಲೆವೆಲ್) ಮೈನಸ್‌ನಲ್ಲಿದ್ರೂ ಹಿಂಗೇ ಆಗುತ್ತೆ.

ಪ್ರಶ್ನೆ ಕೇಳಿದವರು: ಗೇನ್ ಹೈಗೆ ಹಾಕಿದ್ಮೇಲೆ ಅರ್ಧ ನಾಬ್‌ಗೇ ಸಾಕಾಗ್ತಿದೆ, ತುಂಬಾ ಥ್ಯಾಂಕ್ಸ್!