ಅಂಗಡಿಯ ಕೀಟೋ ಬ್ರೆಡ್: ಯಾವುದನ್ನು ನಂಬುವುದು?

ಬ್ರೆಡ್_ಆಮ್ಲೆಟ್
ಎಲ್ಲರಿಗೂ ನಮಸ್ಕಾರ. ಕೀಟೋ, ಅಂದರೆ ಕಾರ್ಬ್ (ಪಿಷ್ಟ, ಸಕ್ಕರೆ) ತೀರಾ ಕಡಿಮೆ ಮಾಡಿ ಕೊಬ್ಬು ಜಾಸ್ತಿ ತಿನ್ನುವ ಡಯಟ್, ಶುರು ಮಾಡಿದ್ದೇನೆ, ದಿನಕ್ಕೆ 30 ಗ್ರಾಂ ಕಾರ್ಬ್ ದಾಟಬಾರದು ಅಂತ ಲೆಕ್ಕ. ಅನ್ನ ಬಿಟ್ಟೆ, ಇಡ್ಲಿ ಬಿಟ್ಟೆ, ಅದೇನೂ ಅಷ್ಟು ಕಷ್ಟ ಆಗಲಿಲ್ಲ. ಆದರೆ ಬೆಳಗ್ಗೆ ಆಮ್ಲೆಟ್ ಜೊತೆ ಎರಡು ಸ್ಲೈಸ್ ಬ್ರೆಡ್ ಇಲ್ಲ ಅಂದರೆ ತಿಂಡಿ ತಿಂದ ಹಾಗೇ ಅನ್ನಿಸುವುದಿಲ್ಲ. ಆನ್‌ಲೈನ್‌ನಲ್ಲಿ ನೋಡಿದರೆ ಕೀಟೋ ಬ್ರೆಡ್, ಲೋ ಕಾರ್ಬ್ ಬ್ರೆಡ್, ಹೈ ಪ್ರೊಟೀನ್ ಮಲ್ಟಿಗ್ರೇನ್ ಅಂತ ರಾಶಿ ಬಿದ್ದಿದೆ. ಒಂದು 300 ರೂಪಾಯಿ ಮೇಲೆ, ಇನ್ನೊಂದು 90 ರೂಪಾಯಿ, ಎರಡರ ಮೇಲೂ ನೆಟ್ ಕಾರ್ಬ್ (ನಾರು ಕಳೆದ ಮೇಲೆ ಉಳಿಯುವ ಕಾರ್ಬ್) ಕಡಿಮೆ ಅಂತ ದಪ್ಪ ಅಕ್ಷರ. ಮನೆಯಲ್ಲೇ ಮಾಡ್ಕೊಳ್ಳಿ ಅನ್ನಬೇಡಿ, ಓವನ್ ಇಲ್ಲ, ಪುರುಸೊತ್ತೂ ಇಲ್ಲ. ಕೊಳ್ಳುವಾಗ ಏನು ನೋಡಬೇಕು? ಅಂದ ಹಾಗೆ ಶುಗರ್‌ಗೆ ಮಾತ್ರೆ ತಗೊಳ್ಳುತ್ತೇನೆ, ಡಯಟ್ ಶುರು ಮಾಡಿದ್ದೂ ಅದಕ್ಕೇ.

ಮುದ್ದೆ_ಪ್ರಿಯ
ಯಾಕ್ ಸರ್ ಈ ಫಾರಿನ್ ತರಲೆ ಎಲ್ಲ. ಸುಮ್ನೆ ರಾಗಿ ರೊಟ್ಟಿ ಮಾಡಿಸ್ಕೊಂಡು ತಿನ್ನಿ, ಶುಗರ್ ಇರೋರಿಗೆ ಅದಕ್ಕಿಂತ ಒಳ್ಳೇದು ಇಲ್ಲ.

ಕಾವಲಿ
ಮುದ್ದೆ ಅವರೇ, ರಾಗಿ ಒಳ್ಳೆಯದೇ, ಜಗಳ ಇಲ್ಲ. ಆದರೆ ಕೀಟೋ ಲೆಕ್ಕಕ್ಕೆ ಅದು ಹೊಂದುವುದಿಲ್ಲ. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಕಾರ್ಬ್ 65 ಗ್ರಾಂ ದಾಟುತ್ತದೆ, ಜೋಳವೂ ಹೆಚ್ಚೂ ಕಡಿಮೆ ಅಷ್ಟೇ. ಒಂದು ಮುದ್ದೆ ತಿಂದರೆ ಅವರ ದಿನದ ಕೋಟಾ ಅಲ್ಲಿಗೇ ಮುಗಿಯಿತು.

ಈಗ ಬ್ರೆಡ್ ವಿಷಯ. ಮಾಮೂಲಿ ಬಿಳಿ ಬ್ರೆಡ್ 100 ಗ್ರಾಂಗೆ 50 ಗ್ರಾಂ ಹತ್ತಿರ ಕಾರ್ಬ್, ಅಂದರೆ ಒಂದು ಸ್ಲೈಸ್‌ಗೆ 12ರಿಂದ 15. ಬ್ರೌನ್ ಬ್ರೆಡ್‌ನಲ್ಲೂ ದೊಡ್ಡ ವ್ಯತ್ಯಾಸ ಇಲ್ಲ, ಎಷ್ಟೋ ಕಡೆ ಆ ಬಣ್ಣ ಬರುವುದೇ ಕ್ಯಾರಮೆಲ್‌ನಿಂದ. ಪ್ಯಾಕೆಟ್‌ನ ಮುಂಭಾಗ ಓದಲೇಬೇಡಿ, ತಿರುಗಿಸಿ. ಪದಾರ್ಥಗಳ ಪಟ್ಟಿಯಲ್ಲಿ ಯಾವುದು ಜಾಸ್ತಿ ಇದೆಯೋ ಅದು ಮೊದಲು ಬರಬೇಕು ಅಂತ ನಿಯಮ ಇದೆ. ಮೊದಲ ಹೆಸರೇ ಮೈದಾ ಅಥವಾ ಗೋಧಿ ಹಿಟ್ಟು ಅಂದರೆ ಹಿಂದಿನಿಂದ ಎಷ್ಟು ಅಗಸೆ ಬೀಜ ಉದುರಿಸಿದ್ದರೂ ಅದು ಮಾಮೂಲಿ ಬ್ರೆಡ್ಡೇ. ಬಾದಾಮಿ ಹಿಟ್ಟು, ಇಸಬ್ಗೋಲು, ಅಗಸೆ, ಮೊಟ್ಟೆ, ಗೋಧಿ ಗ್ಲುಟನ್ (ಗೋಧಿಯಲ್ಲಿರುವ ಅಂಟು ಪ್ರೊಟೀನ್), ಇಂಥವು ಮೊದಲಿದ್ದರೆ ಮುಂದೆ ಓದಿ. ಮಧ್ಯದಲ್ಲಿ ಟಾಪಿಯೋಕಾ ಸ್ಟಾರ್ಚ್ (ಮರಗೆಣಸಿನ ಪಿಷ್ಟ), ಓಟ್ಸ್ ಹಿಟ್ಟು ನುಸುಳಿರುತ್ತವೆ, ಅದನ್ನೂ ನೋಡಿಕೊಳ್ಳಿ.

ಇನ್ನೊಂದು, "ಪರ್ ಸರ್ವಿಂಗ್" ಅನ್ನುವ ಆಟ. ಅವರ ಸರ್ವಿಂಗ್ 20 ಗ್ರಾಂನ ತೆಳ್ಳನೆ ಒಂದು ಸ್ಲೈಸ್, ನಾವು ತಿನ್ನುವುದು ಎರಡೋ ಮೂರೋ. ಅದಕ್ಕೇ ಯಾವಾಗಲೂ 100 ಗ್ರಾಂನ ಕಾಲಂ ನೋಡಿ ಹೋಲಿಸಿ.

ಸ್ಟುಟ್‌ಗಾರ್ಟ್_ಕನ್ನಡಿಗ
ಇಲ್ಲಿ ಜರ್ಮನಿಯ ಸೂಪರ್‌ಮಾರ್ಕೆಟ್‌ಗಳಲ್ಲಿ ಐವೈಸ್‌ಬ್ರೋಟ್ ಅಂತ ಪ್ರೊಟೀನ್ ಬ್ರೆಡ್ ಸುಲಭವಾಗಿ ಸಿಗುತ್ತದೆ. ಗ್ಲುಟನ್, ಸೋಯಾ, ಅಗಸೆ, ಸೂರ್ಯಕಾಂತಿ ಬೀಜ ಹಾಕಿ ಮಾಡಿರುತ್ತಾರೆ, ಒದ್ದೆ ಒದ್ದೆ, ಭಾರ ಜಾಸ್ತಿ, ನಮ್ಮ ಬೇಕರಿ ಬ್ರೆಡ್ ಥರ ಮೆತ್ತಗಿರಲ್ಲ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ ಊರಿಗೆ ಬರುವಾಗ ತಂದುಕೊಡಿ ಅನ್ನುವವರು ಇದ್ದಾರೆ, ತಂದ ಮೇಲೆ ಲೆಕ್ಕದಲ್ಲಿ ಎಡವುತ್ತಾರೆ. ಯುರೋಪಿನ ಲೇಬಲ್‌ನಲ್ಲಿ ಕಾರ್ಬ್ ಅಂತ ಬರೆದಿರುವುದರಲ್ಲಿ ನಾರು ಸೇರಿರುವುದಿಲ್ಲ, ಅದನ್ನು ಬೇರೆ ಸಾಲಿನಲ್ಲಿ ಹಾಕಿರುತ್ತಾರೆ. ಅಮೆರಿಕದ ಲೇಬಲ್‌ನಲ್ಲಿ ಟೋಟಲ್ ಕಾರ್ಬ್ ಒಳಗೇ ನಾರು ಇರುತ್ತದೆ, ಅಲ್ಲಿ ಕಳೆಯಬಹುದು. ಇಲ್ಲಿನದ್ದರಲ್ಲೂ ಕಳೆದರೆ ಎರಡು ಸಲ ಕಳೆದ ಹಾಗೆ, 6 ಗ್ರಾಂ ಕಾರ್ಬ್ ಇರುವ ಬ್ರೆಡ್ ಮೈನಸ್‌ಗೆ ಹೋಗುತ್ತದೆ.

ಬ್ರೆಡ್_ಆಮ್ಲೆಟ್
ತುಂಬಾ ಥ್ಯಾಂಕ್ಸ್. ಆ 90 ರೂಪಾಯಿ ಪ್ಯಾಕೆಟ್‌ನ ಹಿಂಭಾಗ ಟೈಪ್ ಮಾಡ್ತಿದ್ದೇನೆ. 100 ಗ್ರಾಂಗೆ ಎನರ್ಜಿ 240 ಕ್ಯಾಲೊರಿ, ಪ್ರೊಟೀನ್ 12, ಫ್ಯಾಟ್ 8, ನೆಟ್ ಕಾರ್ಬ್ 4. ನಾರು ಎಷ್ಟು ಅಂತ ಬರೆದೇ ಇಲ್ಲ. ತಗೊಳ್ಳಬಹುದಾ?

ಕಾವಲಿ
ಕೂಡಿಸಿ ನೋಡೋಣ ಬನ್ನಿ. ಪ್ರೊಟೀನ್ ಒಂದು ಗ್ರಾಂಗೆ 4 ಕ್ಯಾಲೊರಿ, ಕಾರ್ಬ್‌ಗೂ 4, ಫ್ಯಾಟ್‌ಗೆ 9. ಅಂದರೆ 48, 16, 72. ಒಟ್ಟು 136. ಪ್ಯಾಕೆಟ್ ಹೇಳುವುದು 240. ಬಾಕಿ 104 ಎಲ್ಲಿಂದ ಬಂತು? ನಾರಿಗೆ ಗ್ರಾಂಗೆ 2 ಕ್ಯಾಲೊರಿ ಹಿಡಿಯುತ್ತಾರೆ, ಹಾಗಾದರೆ 52 ಗ್ರಾಂ ನಾರು ಇರಬೇಕು. ಬ್ರೆಡ್‌ನಲ್ಲಿ ಸುಮಾರು ಮೂರನೇ ಒಂದು ಭಾಗ ನೀರೇ ಇರುತ್ತದೆ ರೀ, ಅದರ ಮೇಲೆ 12, 8, 4, 52 ಎಲ್ಲ ಸೇರಿಸಿದರೆ 100 ಗ್ರಾಂ ಒಳಗೆ ಹಿಡಿಯುವುದೇ ಇಲ್ಲ. ಅದೇ 104 ಪಿಷ್ಟದಿಂದ ಬಂದಿದ್ದರೆ 26 ಗ್ರಾಂ, ಇದು ನಂಬುವಂಥ ಸಂಖ್ಯೆ. ಸೇರಿಸಿದರೆ 30 ಗ್ರಾಂ ಕಾರ್ಬ್. ಅಲ್ಲೇ ಬಿಟ್ಟುಬಿಡಿ.

ಲೆಕ್ಕ ತಾಳೆಯಾದರೂ ಪೂರ್ತಿ ನಂಬಬೇಡಿ. ಮಾಲ್ಟಿಟಾಲ್ ಅಂತ ಸಿಹಿ ಹಾಕಿ ಅದನ್ನು ನೆಟ್ ಕಾರ್ಬ್‌ನಿಂದ ಕಳೆದಿರುತ್ತಾರೆ, ಅದು ಶುಗರ್ ಏರಿಸುತ್ತದೆ, ಎರಿಥ್ರಿಟಾಲ್ ಅನ್ನುವ ಇನ್ನೊಂದು ಸಿಹಿಯ ಥರ ಅಲ್ಲ. ಹೇಗೂ ನಿಮ್ಮ ಹತ್ತಿರ ಗ್ಲುಕೋಮೀಟರ್ ಇರುತ್ತೆ ಅಲ್ವಾ? ತಿನ್ನುವ ಮುಂಚೆ ಒಂದು ಸಲ, ಒಂದು ಗಂಟೆ ಬಿಟ್ಟು, ಎರಡು ಗಂಟೆ ಬಿಟ್ಟು ನೋಡಿ. ಆಮ್ಲೆಟ್ ಬಿಟ್ಟು ಬರೀ ಬ್ರೆಡ್ ತಿಂದು ನೋಡಿದರೆ ಅದರ ಬಣ್ಣ ಬಯಲಾಗುತ್ತದೆ.

ಫಾರ್ಮಸಿ_ಕೌಂಟರ್
ಎಲ್ಲರೂ ಬ್ರೆಡ್ ಬಗ್ಗೆ ಮಾತಾಡುತ್ತಿದ್ದೀರಿ, ಅವರು ಮಾತ್ರೆ ಅಂದಿದ್ದನ್ನು ಯಾರೂ ಕೇಳಲಿಲ್ಲ. ಸರ್, ಯಾವ ಮಾತ್ರೆ? ಬರೀ ಮೆಟ್‌ಫಾರ್ಮಿನ್ ಆದರೆ ಅಷ್ಟು ಗಾಬರಿ ಇಲ್ಲ. ಗ್ಲಿಮೆಪಿರೈಡ್ ಇದ್ದರೆ ಕಾರ್ಬ್ ಕಡಿಮೆಯಾದ ತಕ್ಷಣ ಶುಗರ್ ತೀರಾ ಇಳಿದು ತಲೆಸುತ್ತು, ಬೆವರು ಬರಬಹುದು, ಡೋಸ್ ಬದಲಿಸಬೇಕಾಗುತ್ತದೆ. ಸ್ಟ್ರಿಪ್ ಮೇಲೆ ಡಾಪಾಗ್ಲಿಫ್ಲೋಜಿನ್ ಅಥವಾ ಎಂಪಾಗ್ಲಿಫ್ಲೋಜಿನ್ ಅಂತ ಇದ್ದರೆ ಡಾಕ್ಟರನ್ನು ಕೇಳದೆ ಕೀಟೋ ಮಾಡಲೇಬೇಡಿ. ಮೀಟರ್‌ನಲ್ಲಿ ಶುಗರ್ ಅಷ್ಟೇನೂ ಜಾಸ್ತಿ ಕಾಣದಿದ್ದರೂ ಕೀಟೋನ್ (ಕೊಬ್ಬು ಕರಗುವಾಗ ರಕ್ತಕ್ಕೆ ಸೇರುವ ಆಮ್ಲ) ಏರಿ ಆಸ್ಪತ್ರೆ ಸೇರುವ ಸ್ಥಿತಿ ಬರಬಹುದು. ವಾಂತಿ, ಹೊಟ್ಟೆನೋವು, ಏದುಸಿರು ಕಂಡರೆ ಕಾಯಬೇಡಿ, ಹೊರಡಿ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಲೂ ಬೇಡಿ.

ಬ್ರೆಡ್_ಆಮ್ಲೆಟ್
ಸ್ಟ್ರಿಪ್ ನೋಡಿದೆ, ಮೆಟ್‌ಫಾರ್ಮಿನ್ ಜೊತೆ ಗ್ಲಿಮೆಪಿರೈಡ್ ಇದೆ. ನಾಳೆಯೇ ಡಾಕ್ಟರ್ ಹತ್ರ ಹೋಗುತ್ತೇನೆ, ಅಲ್ಲಿವರೆಗೆ ಕೀಟೋ ಬಂದ್. ಅವರು ಸರಿ ಅಂದರೆ ಆ 300 ರೂಪಾಯಿಯದ್ದೇ ನೋಡೋಣ ಅಂತ. ಅದರಲ್ಲಿ ಬಾದಾಮಿ, ಮೊಟ್ಟೆ, ಇಸಬ್ಗೋಲು, ಅಷ್ಟೇ ಇರೋದು, ಲೆಕ್ಕವೂ ತಾಳೆ ಆಯ್ತು. ಒಬ್ಬನಿಗೆ ಅಷ್ಟು ಬೇಗ ಖರ್ಚಾಗಲ್ಲ, ಕೆಡುತ್ತಾ?

ಕಾವಲಿ
ಪ್ರಿಸರ್ವೇಟಿವ್ ಇಲ್ಲದಿದ್ದರೆ ಬೇಗ ಬೂಸ್ಟು ಬರುತ್ತದೆ, ಮಳೆಗಾಲದಲ್ಲಂತೂ ಹೊರಗಿಡಲೇಬೇಡಿ. ಸ್ಲೈಸ್‌ಗಳ ಮಧ್ಯೆ ಬಟರ್ ಪೇಪರ್ ಇಟ್ಟು ಫ್ರೀಜರ್‌ಗೆ ಹಾಕಿ, ಬೇಕಾದಷ್ಟೇ ತೆಗೆಯಿರಿ. ಟೋಸ್ಟರ್ ಬೇಡ, ಇದು ಗ್ಲುಟನ್ ಇಲ್ಲದ ಬ್ರೆಡ್, ಮುರಿದು ಒಳಗೆ ಉದುರುತ್ತದೆ. ಕಾವಲಿ ಮೇಲೆ ತುಪ್ಪ ಸವರಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ. ಬಾದಾಮಿ ಬೇಗ ಸೀಯುತ್ತದೆ, ಆಮ್ಲೆಟ್ ಆದ ಮೇಲೆ ಅದೇ ಕಾವಲಿಗೆ ಹಾಕಿದರೆ ಸರಿಹೋಗುತ್ತದೆ.